ಎತ್ತಿನಿಂದ ಹಿಡಿದು ಕಾಲೇಜಿನ ತನಕ: ಹುಡುಕಾಟ, ಮೂಡು, ಗುರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆಯಲ್ಲಿ ಪದವಿ ಮಕ್ಕಳಿಗೆ ಮನಶ್ಶಾಸ್ತ್ರ ಕಲಿಸುತ್ತೇನೆ. ತವರು ವಿಜಯಪುರದ ಕಡೆಯ ಹಳ್ಳಿ. ಒಂದು ನಿರ್ಧಾರ ಮಾಡುವ ಮುಂಚೆ ಮಾಹಿತಿಯನ್ನ ಹೇಗೆ ಹುಡುಕಬೇಕು, ಆ ಹುಡುಕಾಟವನ್ನ ನಮ್ಮ ಮೂಡು, ಗುರಿ ಹೇಗೆ ತಿರುಗಿಸುತ್ತವೆ ಅಂತ ತರಗತಿಯಲ್ಲಿ, ರೈತರ ಸಭೆಯಲ್ಲಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಕೆಲವರು ಪತ್ರ ಬರೆದಿದ್ದಾರೆ, ಕೆಲವರು ವಾಟ್ಸಾಪ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದ್ದಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಸುಲಭವಾದವು ಮೊದಲು ಬಂದಿವೆ. ನಿಮಗೆ ಬೇಕಾದ್ದಷ್ಟೇ ಓದಿದರೂ ಸಾಕು.

## ಮೊದಲ ಮಾತು

"ಮೇಡಂರಿ, ಮೂಡಿಗೂ ಮಾಹಿತಿ ಹುಡುಕೂದಕ್ಕೂ ಏನ್ ಸಂಬಂಧ?"

ಬಹಳ ಸಂಬಂಧ ಇದೆ. ಏನಾದರೂ ತಗೊಳ್ಳುವ ಮುಂಚೆ ನಾವು ನಾಲ್ಕು ಜನರನ್ನ ಕೇಳುತ್ತೇವೆ, ಎರಡು ಅಂಗಡಿ ಸುತ್ತುತ್ತೇವೆ, ಮೊಬೈಲ್ ನೋಡುತ್ತೇವೆ. ಯಾರನ್ನ ಕೇಳಬೇಕು, ಏನು ಕೇಳಬೇಕು ಅನ್ನೋದು ನಮ್ಮ ಗುರಿಯಿಂದ ಬರುತ್ತದೆ. "ಸಾಕು, ಇನ್ನು ಕೇಳೋದು ಬೇಡ" ಅಂತ ಎಲ್ಲಿ ನಿಲ್ಲಿಸುತ್ತೇವೆ ಅನ್ನೋದು ಹೆಚ್ಚಾಗಿ ಆ ಹೊತ್ತಿನ ಮನಸ್ಸಿನಿಂದ ಬರುತ್ತದೆ. ಒಂದೇ ಟ್ರ್ಯಾಕ್ಟರ್, ಒಬ್ಬರೇ ಮನುಷ್ಯರು. ಆದರೆ ಬೆಳೆ ಬಂದ ವಾರದಲ್ಲಿ ಕೇಳುವ ಪ್ರಶ್ನೆ ಬೇರೆ, ಸಾಲದ ನೋಟಿಸ್ ಬಂದ ವಾರದಲ್ಲಿ ಕೇಳುವ ಪ್ರಶ್ನೆ ಬೇರೆ. ಟ್ರ್ಯಾಕ್ಟರ್ ಮಾತ್ರ ಬದಲಾಗಿರುವುದಿಲ್ಲ.

"ಒಂದ್ ಸೀರಿ ತಗೊಳ್ಳಾಕ ಎಂಥಾ ಗುರಿ ಬೇಕ್ರಿ?"

ಇಳಕಲ್ಲಿನಲ್ಲಿ ಹಳೆಯ ಸೀರೆ ಅಂಗಡಿಗೆ ಹೋಗಿ ನೋಡಿ. ಗಾದಿ ಮೇಲೆ ಕೂತವರು ಬಣ್ಣ ಕೇಳುವುದಿಲ್ಲ, ಬಜೆಟ್ಟೂ ಕೇಳುವುದಿಲ್ಲ. ಮೊದಲು ಕೇಳುವುದು, "ಯಾರಿಗ್ರಿ? ಎದಕ್ಕ?" ಮದುವೆ ಹುಡುಗಿಗೆ ಅಂದರೆ ಒಂದು ಕಪಾಟು ತೆರೆಯುತ್ತದೆ. ಅಜ್ಜಿ ದಿನಾ ಉಡೋಕೆ ಅಂದರೆ ಇನ್ನೊಂದು. ಮೊದಲನೆಯದರಲ್ಲಿ ನೀವು ರೇಷ್ಮೆ ಸೆರಗು, ಅದರ ಮೇಲಿನ ತೋಪ ತೆನಿ ವಿನ್ಯಾಸ, ಅಂಚಿನ ನೇಯ್ಗೆ ನೋಡುತ್ತೀರಿ. ಎರಡನೆಯದರಲ್ಲಿ ಬಣ್ಣ ಬಿಡುತ್ತಾ, ಒಗೆದರೆ ಕುಗ್ಗುತ್ತಾ, ಭಾರ ಎಷ್ಟು ಅಂತ ಕೇಳುತ್ತೀರಿ. ಅಂಗಡಿ ಅದೇ, ಕಣ್ಣು ಬೇರೆ.

ಗುರಿ ಹೇಳದೆ ಒಳಗೆ ಹೋದವರ ಮುಂದೆ ನಲವತ್ತು ಸೀರೆ ಬಿಚ್ಚಿ ಹಾಕುತ್ತಾರೆ. ಎರಡು ಗಂಟೆ ಆದಮೇಲೆ ಅವರು ತಲೆನೋವಿನಲ್ಲಿ ಯಾವುದೋ ಒಂದನ್ನ ಎತ್ತಿಕೊಂಡು ಬರುತ್ತಾರೆ. ಕಾಲೇಜು, ಆಸ್ಪತ್ರೆ, ಸೈಟು ಯಾವುದೇ ಇರಲಿ, "ಎದಕ್ಕ?" ಅನ್ನೋದನ್ನ ಮನೆಯಲ್ಲೇ ಒಂದು ಚೀಟಿ ಮೇಲೆ ಬರೆದುಕೊಂಡು ಹೊರಡಿ. ಒಂದು ಸಾಲು ಸಾಕು.

"ಖುಷಿಯಾಗಿದ್ದಾಗ ಯಾವ ನಿರ್ಧಾರಾನೂ ಮಾಡಬಾರದು ಅಂತಾರ. ಖರೇನ?"

ಅರ್ಧ ಖರೆ. ಇದನ್ನ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ಇದು ನಮ್ಮ ಮನೆಯಲ್ಲೇ ಆದದ್ದು.

ವಿಜಯಪುರದಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ, ಜೊತೆಗೆ ದನಗಳ ಜಾತ್ರೆ. ನಾನು ಆಗ ಏಳನೆಯ ತರಗತಿ. ಆ ವರ್ಷ ತೊಗರಿ ಕೈ ಹಿಡಿದಿತ್ತು. ಅಪ್ಪ ಹೊಸ ಟಾವೆಲ್ ಹೆಗಲಿಗೆ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಎತ್ತು ತರೋಕೆ ಹೋದರು. ಅಪ್ಪನಿಗೆ ಎತ್ತು ನೋಡೋದು ಚೆನ್ನಾಗಿ ಗೊತ್ತು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಸುಳಿ ಎಲ್ಲಿದೆ ನೋಡುತ್ತಿದ್ದರು. ಗೊರಸು ಎತ್ತಿ ಅಂಗೈಯಲ್ಲಿ ತಟ್ಟುತ್ತಿದ್ದರು. ಹಗ್ಗ ಹಿಡಿದು ಇಳಿಜಾರಿನಲ್ಲಿ ನಡೆಸಿ, ಹಿಂದೆ ಬಗ್ಗಿ ನಿಂತು ಕಾಲು ನೋಡುತ್ತಿದ್ದರು. ಬರಗಾಲದ ವರ್ಷ ಇಷ್ಟೆಲ್ಲ ಮಾಡಿಯೂ ಖಾಲಿ ಕೈಯಲ್ಲಿ ವಾಪಸ್ ಬಂದವರು ಅವರು.

ಆ ದಿನ ಮಾತ್ರ ಖಿಲಾರಿ ತಳಿಯ ಒಂದು ಎತ್ತಿನ ಜೋಡಿ ಕಣ್ಣಿಗೆ ಬಿತ್ತು. ಹಾಲಿನಂಥ ಬಿಳಿ, ಕೊಂಬು ಕತ್ತಿ ಹಾಗೆ. ಅಪ್ಪ ಹಲ್ಲು ನೋಡಿದರು, ಬೆನ್ನು ತಟ್ಟಿದರು, ನಕ್ಕರು. ದಲ್ಲಾಳಿ ಟಾವೆಲ್ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ಗುಟ್ಟಾಗಿ ದರ ಹೇಳಿದ. ಎರಡು ಸಲ ಬೆರಳು ಬದಲಾಯಿತು, ವ್ಯಾಪಾರ ಮುಗಿಯಿತು. ಇಳಿಜಾರಿನಲ್ಲಿ ನಡೆಸಲೇ ಇಲ್ಲ. ಊರಿಗೆ ಬಂದು ಗಳೆ ಹೂಡಿದ ಮೂರನೆಯ ದಿನ ಎಡಗಡೆಯದು ಹಿಂಗಾಲು ಎಳೆಯೋಕೆ ಶುರು ಮಾಡಿತು. ಅಪ್ಪ ಮಾರಿದವನನ್ನ ಒಂದು ಮಾತೂ ಬೈಯಲಿಲ್ಲ. "ನಡಸಿ ನೋಡಬೇಕಾಗಿತ್ತು" ಅಂದರು, ಅಷ್ಟೇ.

ಆಲಿಸ್ ಐಸೆನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 1983ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಕಾರುಗಳ ವಿವರ ಕೊಟ್ಟು ಒಂದನ್ನ ಆರಿಸಿ ಅಂದರು. ಉಲ್ಲಾಸದಲ್ಲಿದ್ದವರು ಬೇಗ ಮುಗಿಸಿದರು. ನೋಡಿದ್ದನ್ನೇ ಮತ್ತೆ ನೋಡುವುದು ಕಡಿಮೆ ಇತ್ತು, ಮುಖ್ಯವಲ್ಲ ಅನ್ನಿಸಿದ ವಿವರವನ್ನ ಸೀದಾ ಬಿಟ್ಟರು. ಹಾಗಂತ ಅವರ ಆಯ್ಕೆ ಕೆಟ್ಟದ್ದಾಗಿರಲಿಲ್ಲ. 1997ರ ಇನ್ನೊಂದು ಪ್ರಯೋಗದಲ್ಲಿ ಐಸೆನ್ ತಂಡ ವೈದ್ಯರಿಗೆ ಒಂದು ಸಣ್ಣ ಪೊಟ್ಟಣ ಮಿಠಾಯಿ ಕೊಟ್ಟು, ಆಮೇಲೆ ಒಂದು ಯಕೃತ್ತಿನ ರೋಗದ ಕೇಸು ಬಿಡಿಸೋಕೆ ಕೊಟ್ಟಿತು. ಮಿಠಾಯಿ ಸಿಕ್ಕವರು ರೋಗದ ಸುಳಿವನ್ನ ಬೇಗ ಹಿಡಿದರು. ಮೊದಲು ಹೊಳೆದ ಉತ್ತರಕ್ಕೇ ಅಂಟಿಕೊಂಡು ಕೂರುವುದೂ ಅವರಲ್ಲಿ ಕಡಿಮೆ ಇತ್ತು.

ಖುಷಿ ತಲೆಯನ್ನ ಮಂಕು ಮಾಡುತ್ತದೆ ಅನ್ನುವುದನ್ನ ನಾನು ಒಪ್ಪುವುದಿಲ್ಲ. ಹುಡುಕಾಟವನ್ನ ಅದು ಚಿಕ್ಕದು ಮಾಡುತ್ತದೆ, ಅದು ನಿಜ. ಸಣ್ಣ ವಿವರ ಬಿಟ್ಟುಹೋದರೂ ನಡೆಯುವ ಕಡೆ ಇದರಿಂದ ಲಾಭವೇ. ಒಂದು ವಿವರ ತಪ್ಪಿದರೆ ವರ್ಷವಿಡೀ ನೋವು ಅನ್ನುವ ಕಡೆ, ಖುಷಿ ಬರುವ ಮುಂಚೆಯೇ "ಇದಿಷ್ಟು ನೋಡದೆ ಕೈ ಕೊಡೋದಿಲ್ಲ" ಅಂತ ಪಟ್ಟಿ ಮಾಡಿಕೊಳ್ಳಿ. ಅಪ್ಪ ಆಮೇಲೆ ಇಳಿಜಾರಿನಲ್ಲಿ ನಡೆಸದೆ ಯಾವ ಎತ್ತನ್ನೂ ತರಲಿಲ್ಲ.

"ಸಿಟ್ಟು, ಅಂಜಿಕಿ, ಬ್ಯಾಸರ ಎಲ್ಲಾ ಒಂದೇ ಅಲ್ವಾ? ಕೆಟ್ಟ ಮೂಡು."

ಒಂದೇ ಅಲ್ಲ. ಅಂಜಿಕೆ ಇದ್ದವರು ಎಲ್ಲೆಲ್ಲೂ ಅಪಾಯ ಕಾಣುತ್ತಾರೆ. ಸಿಟ್ಟಿನಲ್ಲಿದ್ದವರಿಗೆ ಅಪಾಯ ಚಿಕ್ಕದಾಗಿ ಕಾಣುತ್ತದೆ, ಎಲ್ಲ ತಮ್ಮ ಕೈಯಲ್ಲೇ ಇದೆ ಅನ್ನಿಸುತ್ತದೆ. ಜೆನಿಫರ್ ಲರ್ನರ್ ಮತ್ತು ಡಾಕರ್ ಕೆಲ್ಟ್ನರ್ ಅನ್ನುವ ಮನಶ್ಶಾಸ್ತ್ರಜ್ಞರು 2001ರಲ್ಲಿ ಇದನ್ನ ತೋರಿಸಿದರು. ಅದಕ್ಕೇ ಅಣ್ಣತಮ್ಮಂದಿರ ಜಗಳದಲ್ಲಿ, ಖರ್ಚೆಷ್ಟು, ಎಷ್ಟು ವರ್ಷ ಎಳೆಯುತ್ತದೆ ಅಂತ ಒಬ್ಬ ವಕೀಲರನ್ನೂ ಸರಿಯಾಗಿ ಕೇಳದೆ ಕೋರ್ಟಿಗೆ ಹೋಗುವವರು ಇದ್ದಾರೆ. ಅಂಜಿಕೆ ಇದ್ದವರು ಅದೇ ಜಗಳಕ್ಕೆ ಆರು ವಕೀಲರನ್ನ ಕೇಳಿ, ಏಳನೆಯವರ ವಿಳಾಸ ಹುಡುಕುತ್ತಿರುತ್ತಾರೆ.

ದುಃಖದ ದಾರಿಯೇ ಬೇರೆ. 1999ರಲ್ಲಿ ರಾಜಗೋಪಾಲ್ ರಘುನಾಥನ್ ಮತ್ತು ಮಿಶೆಲ್ ಫಾಮ್ ಒಂದು ಪ್ರಯೋಗ ಮಾಡಿದರು. ಅದರಲ್ಲಿ ಆತಂಕ ಇದ್ದವರು ಅಪಾಯ ಕಡಿಮೆ ಇದ್ದ ಕಡೆ ವಾಲಿದರು. ದುಃಖದಲ್ಲಿದ್ದವರು ಅಪಾಯ ಜಾಸ್ತಿ ಇದ್ದರೂ ದೊಡ್ಡ ಲಾಭದ ಕಡೆ ವಾಲಿದರು. ಆತಂಕ "ಭದ್ರ ಇರಬೇಕು" ಅನ್ನುತ್ತದೆ, ದುಃಖ "ಏನಾದರೂ ಸಿಗಲಿ" ಅನ್ನುತ್ತದೆ. ಮೂಡು ಅನ್ನೋದು ಸುಮ್ನೆ ಒಂದು ಬಣ್ಣ ಅಲ್ಲ, ಒಳಗೆ ಅದೂ ಒಂದು ಗುರಿ ಇಟ್ಟುಕೊಂಡಿರುತ್ತದೆ. ಆದರೆ ಆ "ಏನಾದರೂ" ಈಗಲೇ ಬೇಕು: ದುಃಖದಲ್ಲಿರುವವರು ಮುಂದಿನ ದೊಡ್ಡ ಹಣಕ್ಕೆ ಕಾಯದೆ ಈಗಿನ ಸಣ್ಣ ಹಣಕ್ಕೇ ಒಪ್ಪುತ್ತಾರೆ ಅಂತ 2013ರಲ್ಲಿ ಲರ್ನರ್ ಮತ್ತು ಇತರರು ಕಂಡುಕೊಂಡರು. ಮನೆಯ ಹಿರಿಯರು ತೀರಿದ ತಿಂಗಳಲ್ಲೇ ಹೊಲ ನೋಡೋಕೆ ಬರುವವರು ಇರುತ್ತಾರೆ. ಆ ಹೊತ್ತಿನಲ್ಲಿ ದರ ವಿಚಾರಿಸುವ ಶಕ್ತಿಯೇ ಮನೆಯವರಿಗೆ ಇರುವುದಿಲ್ಲ. ದಯವಿಟ್ಟು ಕಾಯಿರಿ. ತೀರಾ ಅವಸರ ಇದ್ದರೆ ದರ ವಿಚಾರಿಸುವ ಕೆಲಸವನ್ನ ದುಃಖ ಅಷ್ಟಾಗಿ ತಟ್ಟದ ಒಬ್ಬ ಸಂಬಂಧಿಗೆ ಕೊಡಿ.

## ಸ್ವಲ್ಪ ಒಳಗೆ

"ಎಷ್ಟ್ ಮಂದೀನ್ ಕೇಳಿದ್ರ ಸಾಕ್ರಿ?"

ಜಾರ್ಜ್ ಸ್ಟಿಗ್ಲರ್ ಅನ್ನುವ ಅರ್ಥಶಾಸ್ತ್ರಜ್ಞ 1961ರಲ್ಲೇ ಇದಕ್ಕೆ ಒಂದು ಲೆಕ್ಕ ಕೊಟ್ಟರು. ಮೊದಲ ಎರಡು ಮೂರು ಅಂಗಡಿ ಸುತ್ತಿದಾಗ ಉಳಿತಾಯ ಜಾಸ್ತಿ. ಆಮೇಲೆ ಒಂದೊಂದು ಅಂಗಡಿಗೂ ಉಳಿತಾಯ ಕರಗುತ್ತಾ ಹೋಗುತ್ತದೆ, ಸುತ್ತುವ ಖರ್ಚು ಮಾತ್ರ ಹಾಗೇ ಇರುತ್ತದೆ. ಆ ಎರಡೂ ಸಮ ಆಗುವ ಕಡೆ ನಿಲ್ಲಿಸಿ ಅಂದರು. ಆದರೆ ಮುಂದಿನ ಅಂಗಡಿಯಲ್ಲಿ ಏನಿದೆ ಅಂತ ಹೋಗದೆ ಹೇಗೆ ಗೊತ್ತಾಗಬೇಕು?

ಹರ್ಬರ್ಟ್ ಸೈಮನ್ ಹೇಳಿದ್ದು ನಮಗೆ ಹೆಚ್ಚು ಹತ್ತಿರ. ಮನುಷ್ಯರ ತಲೆಗೂ ಹೊತ್ತಿಗೂ ಮಿತಿ ಇದೆ ಅಂತ ಅವರು 1950ರ ದಶಕದಲ್ಲೇ ಬರೆದರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. "ಇಷ್ಟಿದ್ದರೆ ಸಾಕು" ಅನ್ನುವ ಒಂದು ಗೆರೆ ಹಾಕಿಕೊಳ್ಳಿ, ಆ ಗೆರೆ ದಾಟಿದ ಮೊದಲನೆಯದನ್ನ ತಗೊಳ್ಳಿ, ಇದು ಅವರ ದಾರಿ. ಬೆಳಗಾವಿಯಲ್ಲಿ ಓದುವ ಮಗನಿಗೆ ಬಾಡಿಗೆ ಕೋಣೆ ಹುಡುಕುವಾಗ "ಕಾಲೇಜಿಗೆ ಇಪ್ಪತ್ತು ನಿಮಿಷ, ನೀರು ಬರಬೇಕು, ತಿಂಗಳಿಗೆ ಇಷ್ಟರ ಒಳಗೆ" ಅಂತ ಗೆರೆ ಹಾಕಿದವರು ಎರಡು ದಿನದಲ್ಲಿ ಊರಿಗೆ ವಾಪಸ್ ಬರುತ್ತಾರೆ. ಗೆರೆಯನ್ನ ಹುಡುಕಾಟ ಶುರು ಆಗುವ ಮುಂಚೆ ಹಾಕಬೇಕು. ನಡುವೆ ಹಾಕಿದರೆ ಅದನ್ನ ಹಾಕುವುದು ನಿಮ್ಮ ಸುಸ್ತು.

"ಮಗಳು ಸಿಇಟಿ ಆಪ್ಶನ್ ಎಂಟ್ರಿ ಅಂತ ರಾತ್ರಿಯೆಲ್ಲಾ ವಿಡಿಯೋ ನೋಡ್ತಾಳ್ರಿ. ನೋಡಿದಷ್ಟೂ ಅಳ್ತಾಳ. ಏನ್ ಮಾಡೂದು?"

ಮುಧೋಳದ ತಾಯಿಯೊಬ್ಬರು ಕೇಳಿದ್ದು. ಆಪ್ಶನ್ ಎಂಟ್ರಿ ಅಂದರೆ ಸಿಇಟಿ ಆದಮೇಲೆ ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಅಂತ ಪಟ್ಟಿ ತುಂಬುವುದು. ಆಮೇಲೆ ಇದೇ ಪ್ರಶ್ನೆ ಪ್ರತಿ ವರ್ಷ ಬರುತ್ತಿದೆ.

ಆ ಹುಡುಗಿ ಈಗ ಹುಡುಕುತ್ತಿರುವುದು ಕಾಲೇಜನ್ನಲ್ಲ ಅಮ್ಮಾ, ಸಮಾಧಾನವನ್ನ. ಆತಂಕ ಹೆಚ್ಚಾದಾಗ "ಇನ್ನೊಂದು ವಿಡಿಯೋ ನೋಡಿದರೆ ಎದೆ ಹಗುರ ಆಗುತ್ತೆ" ಅನ್ನಿಸುತ್ತದೆ. ಆದರೆ ಆ ವಿಡಿಯೋ ಒಂದು ಹೊಸ ಅನುಮಾನ ಹುಟ್ಟಿಸಿ ಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯದೇ ಬೇಕು ಅಂತ ಹುಡುಕುವವರ ಬಗ್ಗೆ 2006ರಲ್ಲಿ ಶೀನಾ ಅಯ್ಯಂಗಾರ್, ಬ್ಯಾರಿ ಶ್ವಾರ್ಟ್ಸ್ ಮತ್ತು ಇನ್ನೊಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಕೆಲಸ ಹುಡುಕುತ್ತಿದ್ದ ವಿದ್ಯಾರ್ಥಿಗಳಲ್ಲಿ ಇಂಥವರಿಗೆ ಉಳಿದವರಿಗಿಂತ ಸುಮಾರು ಶೇ. 20ರಷ್ಟು ಜಾಸ್ತಿ ಸಂಬಳ ಸಿಕ್ಕಿತು. ಆದರೂ ಅವರ ತೃಪ್ತಿ ಕಡಿಮೆ ಇತ್ತು. ಹುಡುಕಾಟದ ಹೊತ್ತಿನಲ್ಲೂ ಅವರೇ ಹೆಚ್ಚು ಕಳವಳದಲ್ಲಿದ್ದರು.

ಮಾಡಬೇಕಾದ್ದು ಇಷ್ಟು. ರಾತ್ರಿ ಒಂಬತ್ತರ ಮೇಲೆ ಈ ವಿಷಯದ ಹುಡುಕಾಟ ಬೇಡ. ಹಗಲು ಹೊತ್ತು ನೀವೂ ಪಕ್ಕದಲ್ಲಿ ಕೂತು, ಪ್ರತಿ ಕಾಲೇಜಿಗೂ ನಾಲ್ಕೇ ಪ್ರಶ್ನೆ ಬರೆಯಿರಿ: ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕ್, ಫೀಸು, ಹಾಸ್ಟೆಲ್, ಅಲ್ಲೇ ಓದುತ್ತಿರುವ ಒಬ್ಬರ ಮಾತು. ನಾಲ್ಕೂ ತುಂಬಿದ ಕಾಲೇಜಿನ ಬಗ್ಗೆ ಮತ್ತೆ ನೋಡುವುದಿಲ್ಲ ಅಂತ ಒಪ್ಪಂದ ಮಾಡಿಕೊಳ್ಳಿ. ಅಳು ಬಂದರೆ ಅಳಲಿ, ಪಕ್ಕದಲ್ಲಿರಿ. ಆಗ ಮಾಹಿತಿ ಕೊಡಬೇಡಿ, ಊಟ ಕೊಡಿ.

"ಬೋರ್ ಹೊಡಸೂದ ಅಂತ ಮಾಡೇನಿ. ಯಾರನ್ನ ಕೇಳಿದ್ರೂ ನೀರ್ ಬೀಳತೈತಿ ಅಂತಾರ. ಮತ್ತೇನ್ ಹುಡುಕೂದು?"

ಇಂಡಿ ಕಡೆಯ ನಿಂಬೆ ಬೆಳೆಗಾರರೊಬ್ಬರ ಪ್ರಶ್ನೆ. ಯಾರ‍್ಯಾರನ್ನ ಕೇಳಿದಿರಿ ಅಂದೆ. ನೀರಿನ ಪಾಯಿಂಟ್ ನೋಡುವವರು, ಬೋರ್ ಗಾಡಿಯವರು, ಬೋರಿನಲ್ಲಿ ನೀರು ಬಿದ್ದ ಪಕ್ಕದ ತೋಟದವರು. ಮೂವರೂ "ಹೌದು" ಅನ್ನುವವರೇ.

ಪೀಟರ್ ವೇಸನ್ ಅನ್ನುವ ಮನಶ್ಶಾಸ್ತ್ರಜ್ಞ 1960ರಲ್ಲಿ ಒಂದು ಸಣ್ಣ ಆಟ ಆಡಿಸಿದರು. 2, 4, 6 ಅನ್ನುವ ಅಂಕಿಗಳ ಹಿಂದೆ ಒಂದು ನಿಯಮ ಇದೆ, ಬೇರೆ ಅಂಕಿ ಹೇಳಿ ಅದನ್ನ ಕಂಡುಹಿಡಿಯಿರಿ ಅಂದರು. ಹೆಚ್ಚಿನವರು "ಎರಡೆರಡು ಏರುತ್ತದೆ" ಅಂತ ಅಂದುಕೊಂಡು 8, 10, 12 ಅಂತ ಹೇಳಿ "ಸರಿ" ಅನ್ನಿಸಿಕೊಂಡರು. ನಿಯಮ ಇದ್ದದ್ದು ಬರೀ "ಏರುತ್ತಾ ಹೋಗಬೇಕು" ಅಂತ. ತಮ್ಮ ಊಹೆ ಮುರಿಯುವಂಥ ಅಂಕಿಯನ್ನ ಹೇಳಿ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ತರಗತಿಯಲ್ಲಿ ಪ್ರತಿ ವರ್ಷ ಈ ಆಟ ಆಡಿಸುತ್ತೇನೆ. ಮಕ್ಕಳು ಇವತ್ತಿಗೂ 8, 10, 12 ಅಂತಲೇ ಶುರು ಮಾಡುತ್ತಾರೆ.

ಇದರ ಮೇಲೆ ಆಸೆಯೂ ಸೇರಿದರೆ ಕಥೆ ಇನ್ನೂ ಬಿಗಿಯಾಗುತ್ತದೆ. ಝೀವಾ ಕುಂಡಾ ಅನ್ನುವ ಮನಶ್ಶಾಸ್ತ್ರಜ್ಞೆ 1990ರಲ್ಲಿ ಎರಡು ಥರದ ಗುರಿ ಅಂತ ಬೇರ್ಪಡಿಸಿದರು. ಒಂದು, ಸರಿಯಾದ ಉತ್ತರ ಸಿಗಲಿ ಅನ್ನೋದು. ಇನ್ನೊಂದು, ನನಗೆ ಬೇಕಾದ ಉತ್ತರ ಸಿಗಲಿ ಅನ್ನೋದು. ಎರಡನೆಯದು ಇದ್ದಾಗಲೂ ನಾವು ಹುಡುಕುತ್ತೇವೆ, ಬೆವರು ಸುರಿಸಿಯೇ ಹುಡುಕುತ್ತೇವೆ. ಆದರೆ ಕಾಲು ನಮಗೆ ಬೇಕಾದವರ ಮನೆ ಕಡೆಗೇ ನಡೆಯುತ್ತದೆ.

ಅವರಿಗೆ ನಾನು ಹೇಳಿದ್ದು: ನಿಮ್ಮ ಹೊಲದ ಸುತ್ತ ನೀರು ಬಿದ್ದ ಬೋರುಗಳನ್ನ ಬಿಡಿ, ಫೇಲಾದವನ್ನ ಎಣಿಸಿ. ಎಷ್ಟು ಅಡಿ ಹೋದರು, ಎಷ್ಟು ಖರ್ಚಾಯಿತು, ಈಗ ನೀರು ಇದೆಯಾ ಅಂತ ಅವರ ಮನೆಗೇ ಹೋಗಿ ಕೇಳಿ. ಒಬ್ಬ ಭೂವಿಜ್ಞಾನಿಯಿಂದ ಸರ್ವೆ ಮಾಡಿಸಿ. ಆಗ "ನೀರು ಬೀಳುತ್ತಾ?" ಅಂತ ಕೇಳಬೇಡಿ. "ಯಾವ ಕಾರಣಕ್ಕೆ ಇಲ್ಲಿ ಫೇಲ್ ಆಗಬಹುದು?" ಅಂತ ಕೇಳಿ. ವಾರದ ಮೇಲೆ ಫೋನ್ ಮಾಡಿದರು. ಹನ್ನೊಂದು ಬೋರಿನಲ್ಲಿ ಏಳು ಒಣಗಿದ್ದವಂತೆ. ಬೋರ್ ಬಿಟ್ಟು ಕೃಷಿ ಹೊಂಡದ ವಿಚಾರಕ್ಕೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತೇನೆ ಅಂದರು.

"ಮೊಬೈಲ್‌ದಾಗ ಎಲ್ಲಾ ಸಿಗತೈತಲ್ರಿ, ಇನ್ನ ಮಂದೀನ್ ಯಾಕ ಕೇಳೂದು?"

ಸಿಗುತ್ತದೆ, ಆದರೆ ನೀವು ಟೈಪ್ ಮಾಡಿದ ಮಾತಿಗೆ ತಕ್ಕದ್ದು ಸಿಗುತ್ತದೆ. "ದ್ರಾಕ್ಷಿ ಲಾಭ" ಅಂತ ಹಾಕಿ ನೋಡಿ, ಆಮೇಲೆ "ದ್ರಾಕ್ಷಿ ನಷ್ಟ" ಅಂತ ಹಾಕಿ ನೋಡಿ. ಎರಡೂ ನೋಡಿದರೆ ಮೊಬೈಲ್ ಒಳ್ಳೆಯ ಗೆಳೆಯ.

## ಆಳಕ್ಕೆ ಇಳಿದವರಿಗೆ

"ಕಬ್ಬಿನ ಬಿಲ್ ಬರೂತನಾ ತಲಿನ ಓಡೂದಿಲ್ಲ. ನಾವ್ ದಡ್ಡರೇನ್ರಿ?"

ಖಂಡಿತ ಅಲ್ಲ. ಇದಕ್ಕೆ ನನ್ನ ಹತ್ತಿರ ಇರುವ ಅತಿ ಒಳ್ಳೆಯ ಸಾಕ್ಷಿ ತಮಿಳುನಾಡಿನ ಕಬ್ಬು ಬೆಳೆಗಾರರದ್ದು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಾಫಿರ್, ಜಿಯಾಯಿಂಗ್ ಝಾವೊ ಸೇರಿ 464 ಕಬ್ಬು ಬೆಳೆಗಾರರನ್ನ ಕಟಾವಿನ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಮಾಡಿ, 2013ರಲ್ಲಿ ಪ್ರಕಟಿಸಿದರು. ಕೈಯಲ್ಲಿ ದುಡ್ಡಿಲ್ಲದ ಕಟಾವಿನ ಮುಂಚಿನ ದಿನಗಳಲ್ಲಿ ಯೋಚನೆಯ ಪರೀಕ್ಷೆಯಲ್ಲಿ ಅದೇ ರೈತರು ಕಡಿಮೆ ಅಂಕ ತೆಗೆದರು. ಕಟಾವು ಆಗಿ ದುಡ್ಡು ಬಂದಮೇಲೆ ಅವರೇ ಚೆನ್ನಾಗಿ ಮಾಡಿದರು. ಮನುಷ್ಯ ಅದೇ, ತಲೆಯೂ ಅದೇ. ನಡುವೆ ಬಂದದ್ದು ದುಡ್ಡಿನ ಚಿಂತೆ.

ಜಮಖಂಡಿ, ಮುಧೋಳ, ಅಥಣಿ, ಗೋಕಾಕದ ಮನೆಗಳಲ್ಲಿ ಇದನ್ನ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಗೆ ಕಬ್ಬು ಹೋಗಿರುತ್ತದೆ, ಬಿಲ್ ಅಂದರೆ ಕಬ್ಬಿನ ದುಡ್ಡು ಬಂದಿರುವುದಿಲ್ಲ, ಶಾಲೆ ಫೀಸು ಬಾಗಿಲಲ್ಲಿ ನಿಂತಿರುತ್ತದೆ. ಚಿಂತೆ ತಲೆಯ ಜಾಗ ತುಂಬಿಕೊಂಡಾಗ ಹುಡುಕಾಟ ಹತ್ತಿರದವರಿಗಷ್ಟೇ ಸೀಮಿತ ಆಗುತ್ತದೆ. ಬಡ್ಡಿ ಎಷ್ಟು ಅಂತ ಮೂರು ಕಡೆ ಕೇಳಬೇಕಾದವರು, ಮೊದಲು ಕೊಡುತ್ತೇನೆ ಅಂದವರ ಹತ್ತಿರವೇ ಸಹಿ ಹಾಕುತ್ತಾರೆ. ಅದಕ್ಕೇ ಸಾಲ, ವಿಮೆ, ಮುಂದಿನ ವರ್ಷದ ತಳಿ, ಇಂಥ ವಿಚಾರಣೆಗಳನ್ನ ಬಿಲ್ ಬಂದ ತಿಂಗಳಲ್ಲೇ ಮಾಡಿ, ಒಂದು ವಹಿಯಲ್ಲಿ ಬರೆದಿಡಿ. ಕಷ್ಟದ ತಿಂಗಳಲ್ಲಿ ಹೊಸದಾಗಿ ಹುಡುಕುವ ಬದಲು ಆ ವಹಿ ತೆರೆಯಿರಿ. ಕಿಸಾನ್ ಕಾಲ್ ಸೆಂಟರ್ ನಂಬರನ್ನೂ ಮೊದಲ ಪುಟದಲ್ಲೇ ಬರೆಯಿರಿ, 1800-180-1551. ಕರೆಗೆ ದುಡ್ಡಿಲ್ಲ.

"ಶುಗರ್ ರಿಪೋರ್ಟ್ ಬಂದೈತಿ, ತಗದ್ ನೋಡಾಕ ಧೈರ್ಯ ಇಲ್ಲ. ಹಿಂಗ್ಯಾಕ?"

ತಿಳಿದರೆ ನೋವಾಗುತ್ತದೆ ಅನ್ನಿಸಿದಾಗ ಮನಸ್ಸು ಮಾಹಿತಿಯಿಂದಲೇ ತಪ್ಪಿಸಿಕೊಳ್ಳುತ್ತದೆ. ಷೇರು ಮಾರುಕಟ್ಟೆ ಬಿದ್ದಾಗ ಹೂಡಿಕೆದಾರರು ತಮ್ಮ ಖಾತೆ ತೆರೆದು ನೋಡುವುದೇ ಕಡಿಮೆ ಅಂತ ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಜೊತೆಗಾರರು 2009ರಲ್ಲಿ ಬರೆದರು. ನಿಮ್ಮದೂ ಅದೇ ಗುಣ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಖಾತೆ ತೆರೆದು ನೋಡದಿದ್ದರೆ ಷೇರು ಕೆಡುವುದಿಲ್ಲ. ಶುಗರ್ ನೋಡದಿದ್ದರೆ ಕಣ್ಣು, ಮೂತ್ರಪಿಂಡ, ಪಾದ ಕೆಡಬಹುದು. ಒಬ್ಬರೇ ತೆರೆಯಬೇಡಿ. ಲಕೋಟೆಯನ್ನ ಹಾಗೇ ಡಾಕ್ಟರ್ ಮುಂದೆ ಇಡಿ. "ಏನಾಗಿದೆ?" ಅನ್ನುವ ಮಾಹಿತಿ, "ಏನು ಮಾಡಬೇಕು?" ಅನ್ನುವ ಮಾಹಿತಿ, ಎರಡೂ ಒಂದೇ ನಿಮಿಷದಲ್ಲಿ ಸಿಕ್ಕರೆ ಅಂಜಿಕೆ ಎಷ್ಟೋ ಕಡಿಮೆ ಆಗುತ್ತದೆ.

"ಹಂಗಾದ್ರ ಮನಸ್ಸನ್ನ ಬದಿಗಿಟ್ಟು ಬರೀ ತಲೆಯಿಂದ ನಿರ್ಧಾರ ಮಾಡೂದೇ ಚಲೋ ಅಲ್ವಾ?"

ಇಲ್ಲ. ಆಂಟೋನಿಯೊ ಡಮಾಸಿಯೊ ಅನ್ನುವ ನರವೈದ್ಯರು, ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿ ಭಾವನೆಯ ಸುಳಿವೇ ಸಿಗದಂತಾದ ರೋಗಿಗಳನ್ನ ನೋಡಿದವರು. ಒಬ್ಬ ರೋಗಿಗೆ ಮುಂದಿನ ಭೇಟಿಗೆ ಎರಡು ತಾರೀಖು ಕೊಟ್ಟು ಒಂದನ್ನ ಆರಿಸಿ ಅಂದರು. ಆತ ಹೆಚ್ಚುಕಡಿಮೆ ಅರ್ಧ ಗಂಟೆ ಎರಡರ ಪರ, ವಿರೋಧ ಕಾರಣಗಳನ್ನ ಎಣಿಸುತ್ತಾ ಕೂತರು. ಬುದ್ಧಿ ಚುರುಕಾಗಿಯೇ ಇತ್ತು. "ಸಾಕು" ಅಂತ ಒಳಗಿಂದ ಹೇಳುವವರು ಇರಲಿಲ್ಲ. ಹುಡುಕಾಟ ನಿಲ್ಲಿಸುವುದಕ್ಕೂ ಮನಸ್ಸು ಬೇಕು.

"ಮನ್ಯಾಗ ಐದ್ ಮಂದಿ, ಐದ್ ಮೂಡು. ಮಗಳಿಗೆ ಗಂಡು ನೋಡೂದು ಹೆಂಗ?"

ಅಪ್ಪನಿಗೆ ಹೊಲ ಎಷ್ಟು ಅನ್ನೋದು ಬೇಕು. ಅವ್ವನಿಗೆ ಅತ್ತೆ ಹೇಗೆ ಅನ್ನೋದು. ಅಣ್ಣನಿಗೆ ನೌಕರಿ. ಮಗಳಿಗೆ ಏನು ಬೇಕು ಅಂತ ಕೆಲವು ಮನೆಗಳಲ್ಲಿ ಯಾರೂ ಕೇಳಿಯೇ ಇರುವುದಿಲ್ಲ. ಇದು ನನಗೆ ಬಹಳ ನೋವು ಕೊಡುವ ವಿಷಯ. ಮೊದಲ ಪ್ರಶ್ನೆ ಅವಳದ್ದೇ ಇರಲಿ: ಕೆಲಸ ಮುಂದುವರಿಸಬಹುದಾ, ಯಾವ ಊರಲ್ಲಿ ಇರಬೇಕು, ಹುಡುಗ ಕುಡಿಯುತ್ತಾನಾ.

ಆಮೇಲೆ ಐದು ಜನ ಐದು ಕಡೆ ವಿಚಾರಿಸಲಿ, ಅದು ಒಳ್ಳೆಯದೇ. ಆದರೆ ಈ ಸಂಬಂಧದ ಮೇಲೆ ಆಸೆ ಇಟ್ಟವರಿಗೆ ಹುಡುಗನ ನಡತೆ ವಿಚಾರಿಸುವ ಕೆಲಸ ಕೊಡಬೇಡಿ. ಮನಸ್ಸು ಒಪ್ಪದವರಿಗೆ ಕೊಡಿ. ವಿಚಾರಿಸಿ ಬಂದವರು ನೋಡಿದ್ದು, ಕೇಳಿದ್ದು ಮೊದಲು ಹೇಳಲಿ. ತಮ್ಮ ಅಭಿಪ್ರಾಯ ಕೊನೆಗೆ.

"ಈ ಪ್ರಯೋಗಗಳನ್ನ ಎಷ್ಟು ನಂಬಬೇಕು?"

ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದು. ಈ ಪ್ರಶ್ನೆ ಕೇಳುವ ಮಕ್ಕಳನ್ನ ಕಂಡರೆ ನನಗೆ ಹೆಮ್ಮೆ. 1983ರಲ್ಲಿ ನಾರ್ಬರ್ಟ್ ಶ್ವಾರ್ಜ್ ಮತ್ತು ಜೆರಾಲ್ಡ್ ಕ್ಲೋರ್ ಒಂದು ಪ್ರಯೋಗ ಪ್ರಕಟಿಸಿದರು. ಬಿಸಿಲಿದ್ದ ದಿನ ಫೋನ್ ಮಾಡಿ ಕೇಳಿದರೆ ಜನ ಬದುಕು ಚೆನ್ನಾಗಿದೆ ಅಂದರು, ಮಳೆ ಇದ್ದ ದಿನ ಅಷ್ಟಿಲ್ಲ ಅಂದರು. ಹವಾಮಾನದ ಮಾತು ಮೊದಲೇ ಎತ್ತಿದರೆ ಆ ವ್ಯತ್ಯಾಸ ಹೋಯಿತು. 2013ರಲ್ಲಿ ಅಮೆರಿಕದ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದಾಗ ಹವಾಮಾನಕ್ಕೂ ಬದುಕಿನ ತೃಪ್ತಿಗೂ ಅಂಥ ನಂಬಲರ್ಹ ನಂಟು ಕಾಣಲಿಲ್ಲ. 24 ಥರದ ಜಾಮ್ ಇಟ್ಟರೆ ಕೊಳ್ಳುವವರು ಕಡಿಮೆ, 6 ಇಟ್ಟರೆ ಜಾಸ್ತಿ ಅನ್ನುವ 2000ದ ಪ್ರಯೋಗವೂ ಹೀಗೇ. ಅಂಥ ಎಷ್ಟೋ ಪ್ರಯೋಗ ಒಟ್ಟುಗೂಡಿಸಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು.

ಒಂದೊಂದು ಪ್ರಯೋಗವನ್ನ ಒಬ್ಬೊಬ್ಬ ಹಿರಿಯರ ಮಾತಿನ ಹಾಗೆ ತಗೊಳ್ಳಿ. ನಾಲ್ಕು ಊರಿನ ನಾಲ್ಕು ಹಿರಿಯರು ಒಂದೇ ಹೇಳಿದರೆ ತೂಕ ಬರುತ್ತದೆ. ಸ್ವಂತ ಊಹೆಗೆ ಒಪ್ಪುವುದನ್ನೇ ಹುಡುಕುವ ಗುಣ, ಸಿಟ್ಟು ಮತ್ತು ಅಂಜಿಕೆಯ ವ್ಯತ್ಯಾಸ, ಇವಕ್ಕೆ ನನ್ನ ಲೆಕ್ಕದಲ್ಲಿ ತೂಕ ಜಾಸ್ತಿ.

"ಗಾಡಿ ತಗೊಂಡಾತು. ಆದ್ರೂ ದಿನಾ ಅದರ ಬಗ್ಗೆನ ಓದ್ತೀನಿ. ಇದೇನ್ ಹುಚ್ಚು?"

ಹುಚ್ಚಲ್ಲ. 1957ರಲ್ಲೇ ಸಂಶೋಧಕರು ಇದನ್ನ ನೋಡಿದ್ದಾರೆ: ಹೊಸ ಕಾರು ತಗೊಂಡವರು, ಬೇರೆ ಕಾರಿಗಿಂತ ತಾವು ತಗೊಂಡ ಕಾರಿನ ಜಾಹೀರಾತನ್ನೇ ಹೆಚ್ಚು ಓದುತ್ತಿದ್ದರು. ತಗೊಳ್ಳುವ ಮುಂಚೆ ಗುರಿ "ಯಾವುದು ಒಳ್ಳೆಯದು?" ಅಂತ ಇರುತ್ತದೆ. ತಗೊಂಡಮೇಲೆ "ನಾನು ಮಾಡಿದ್ದು ಸರಿ" ಅಂತ ಆಗುತ್ತದೆ. ಪೀಟರ್ ಗೋಲ್ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನ ಹೊಳೆ ದಾಟುವುದಕ್ಕೆ ಹೋಲಿಸಿ ವಿವರಿಸಿದ್ದಾರೆ. ಈ ದಂಡೆಯಲ್ಲಿದ್ದಾಗ ಎರಡೂ ಕಡೆ ಕಾಣುತ್ತದೆ, ದಾಟಿದ ಮೇಲೆ ಮುಂದಿನ ದಾರಿ ಮಾತ್ರ.

ಓದಿ, ತಪ್ಪಿಲ್ಲ. ಅದರ ಜೊತೆಗೆ ದಾಟಿದ ಮೇಲೂ ಕೆಲಸಕ್ಕೆ ಬರುವಂಥದ್ದನ್ನ ಹುಡುಕಿ: ಮೊದಲ ಸರ್ವಿಸ್ ಯಾವಾಗ, ವಾರಂಟಿ ಎಷ್ಟು ದಿನ, ಟೈರಿಗೆ ಗಾಳಿ ಎಷ್ಟು. ವಾರಂಟಿ ಚೀಟಿ ಮೇಲೆ ಅಂಗಡಿಯವರ ಸಹಿ, ಸೀಲು ಬಿದ್ದಿದೆಯಾ ಅಂತ ಇವತ್ತೇ ನೋಡಿಬಿಡಿ.